ದೇವರು ಮಾಡಿದ್ದನ್ನು ನಿಮ್ಮ ಮನೆಯಲ್ಲಿ ಹೇಗೆ ನೆನಪಿಟ್ಟುಕೊಂಡಿದ್ದೀರಿ?

ಲಿಂಗರಾಜಪುರದ ಟೀಚರ್

ಎಲ್ಲರಿಗೂ ವಂದನೆ. ನಾನು ನಮ್ಮ ಸಭೆಯಲ್ಲಿ ಸಂಡೇ ಸ್ಕೂಲ್ ನಡೆಸುತ್ತೇನೆ. ಐದು, ಆರನೇ ಕ್ಲಾಸಿನ ಮಕ್ಕಳು. ಈಗ ಯೆಹೋಶುವನ ಪುಸ್ತಕ ಓದುತ್ತಿದ್ದೇವೆ.

ನಾಲ್ಕನೇ ಅಧ್ಯಾಯ ನಿಮಗೆಲ್ಲ ಗೊತ್ತಿರುತ್ತದೆ. ಯೊರ್ದನ್ ಹೊಳೆ ದಡ ಮೀರಿ ಹರಿಯುವ ಕಾಲ. ದೇವರು ನೀರನ್ನು ತಡೆದು ನಿಲ್ಲಿಸುತ್ತಾನೆ, ಜನ ಒಣನೆಲದ ಮೇಲೆ ದಾಟುತ್ತಾರೆ. ಕುಲಕ್ಕೆ ಒಬ್ಬನಂತೆ ಹನ್ನೆರಡು ಮಂದಿ ಹೊಳೆಯ ನಡುವಿನಿಂದ ಒಂದೊಂದು ಕಲ್ಲನ್ನು ಹೆಗಲ ಮೇಲೆ ಹೊತ್ತು ತರುತ್ತಾರೆ. ಆ ಕಲ್ಲುಗಳನ್ನು ಯೆಹೋಶುವ ಗಿಲ್ಗಾಲಿನಲ್ಲಿ ನಿಲ್ಲಿಸುತ್ತಾನೆ. ಮುಂದೆ ಮಕ್ಕಳು ಈ ಕಲ್ಲು ಯಾಕೆ ಅಂತ ಕೇಳಿದಾಗ ಅಪ್ಪಂದಿರು ನಡೆದದ್ದನ್ನು ಹೇಳಬೇಕು.

ಪಾಠ ಮುಗಿದ ಮೇಲೆ ಒಬ್ಬ ಹುಡುಗ ಕೇಳಿದ: "ಮಿಸ್, ನಮ್ಮ ಮನೇಲಿ ಅಂಥ ಕಲ್ಲು ಯಾವುದು?" ಉಳಿದ ಮಕ್ಕಳನ್ನೇ ಕೇಳಿದೆ. ಒಬ್ಬ ಗೋಡೆ ಮೇಲಿನ ವಚನದ ಕ್ಯಾಲೆಂಡರ್ ಅಂದ. ಒಬ್ಬಳು ಅಜ್ಜಿಯ ಬೈಬಲ್ ಅಂದಳು. ಅದರೊಳಗೆ ಅಜ್ಜಿ ಏನೋ ಬರೆದಿದ್ದಾರಂತೆ. ಏನು ಬರೆದಿದ್ದಾರೆ ಅಂದರೆ ಅವಳಿಗೆ ಗೊತ್ತಿಲ್ಲ.

ನ್ಯಾಯಸ್ಥಾಪಕರು 2:10 ನನಗೆ ಯಾವಾಗಲೂ ಭಯ ಹುಟ್ಟಿಸುವ ವಚನ. ಯೆಹೋಶುವನ ಕಾಲದವರು ಸತ್ತ ಮೇಲೆ ಯೆಹೋವನನ್ನೂ ಆತನು ಮಾಡಿದ ಕಾರ್ಯಗಳನ್ನೂ ಅರಿಯದ ಇನ್ನೊಂದು ಸಂತತಿ ಬಂತು ಅಂತ ಅಲ್ಲಿದೆ. ನೂರಾರು ವರ್ಷ ಬೇಕಾಗಲಿಲ್ಲ. ಒಂದೇ ತಲೆಮಾರು ಸಾಕಾಯಿತು. ನಮ್ಮ ಮಕ್ಕಳಿಗೆ ಕೆಂಪು ಸಮುದ್ರದ ಕಥೆ ಗೊತ್ತು, ದಾವೀದನ ಕಥೆ ಗೊತ್ತು. ತಮ್ಮ ತಾತನ ಕಾಲದಲ್ಲಿ ದೇವರು ಏನು ಮಾಡಿದ ಅಂತ ಗೊತ್ತಿಲ್ಲ.

ನಿಮ್ಮ ಮನೆಯಲ್ಲಿ ಇದನ್ನು ಹೇಗೆ ಮಾಡುತ್ತೀರಿ? ದಯವಿಟ್ಟು ನಿಜವಾಗಿ ಮಾಡುವುದನ್ನೇ ಬರೆಯಿರಿ. ಮಾಡಬೇಕು ಅಂತ ಎಲ್ಲರಿಗೂ ಗೊತ್ತಿದೆ.

ಹಳೇ ಬೆಂಗಳೂರಿಗ

ಟೀಚರಮ್ಮ, ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ.

ನಮ್ಮ ಕಾಲದಲ್ಲಿ ಡಿಸೆಂಬರ್ 31ರ ರಾತ್ರಿಯ ವಾಚ್‌ನೈಟ್ ಆರಾಧನೆಯಲ್ಲಿ ಸಾಕ್ಷಿಗೆ ಸಮಯ ಇರುತ್ತಿತ್ತು. ಒಬ್ಬೊಬ್ಬರಾಗಿ ಎದ್ದು ಆ ವರ್ಷ ದೇವರು ಏನು ಮಾಡಿದ ಅಂತ ಹೇಳುತ್ತಿದ್ದರು. ಕೆಲಸ ಸಿಕ್ಕಿದ್ದು, ಹೆರಿಗೆ ಸುಸೂತ್ರವಾಗಿದ್ದು, ಸಾಲ ತೀರಿದ್ದು. ಈಗ ಬಹಳ ಕಡೆ ಹೊಸ ವರ್ಷಕ್ಕೆ ಒಂದು ಬೈಬಲ್ ವಚನ ಬರೆದ ವಾಗ್ದಾನದ ಕಾರ್ಡ್ ಹಂಚುತ್ತಾರೆ, ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಿ ಕೇಕ್ ತಿಂದು ಮನೆಗೆ ಹೋಗುತ್ತೇವೆ. ಬರುವ ವರ್ಷದ ವಾಗ್ದಾನ ಕೈಯಲ್ಲಿದೆ. ಹೋದ ವರ್ಷದ ವಾಗ್ದಾನ ಏನಾಯಿತು ಅಂತ ಯಾರೂ ಕೇಳುವುದಿಲ್ಲ. ನನಗೆ ಇದು ದೊಡ್ಡ ನಷ್ಟ ಅನ್ನಿಸುತ್ತದೆ. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆತ ಹಾಗೆ ಅಂತ ನಮ್ಮ ಹಿರಿಯರು ಹೇಳುತ್ತಿದ್ದುದು ಇದಕ್ಕೇ. ಯೊರ್ದನ್ ದಾಟಿದವರಿಗೆ ದೇವರು ಮೊದಲು ಕೊಟ್ಟ ಕೆಲಸ ಕಲ್ಲು ಹೊರುವುದು. ಯುದ್ಧ, ಊರು, ಜಮೀನು ಎಲ್ಲ ಆಮೇಲೆ.

ಕಲ್ಲಿನ ಬಗ್ಗೆ ಇನ್ನೊಂದು ಮಾತು. ನಮ್ಮ ಬೇಗೂರಿನಲ್ಲಿ ಸುಮಾರು ಕ್ರಿ.ಶ. 890ರ ಒಂದು ಶಾಸನ ಇದೆ. ಅದರಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಆ ಕಾಳಗದಲ್ಲಿ ಸತ್ತವನ ಹೆಸರನ್ನು ಇವತ್ತು ಹೋದರೂ ಓದಬಹುದು. ಅಂಥ ಶಾಸನಗಳನ್ನು ನಾಡಿನ ತುಂಬ ಹುಡುಕಿಸಿ, ಓದಿಸಿ, ಅಚ್ಚು ಹಾಕಿಸಿದವರು ಬಿ.ಎಲ್. ರೈಸ್. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ಅವರ ತಂದೆ ಬೆಂಜಮಿನ್ ರೈಸ್ ಇಲ್ಲಿ ಮಿಷನರಿಯಾಗಿ ದುಡಿದರು. ಅವೆನ್ಯೂ ರಸ್ತೆಯ ರೈಸ್ ಮೆಮೋರಿಯಲ್ ಚರ್ಚ್ ಅವರ ನೆನಪಿನದು.

ಯಾಕೆ ಹೇಳಿದೆ ಅಂದರೆ, ಶಾಸನದಲ್ಲಿ ಅಕ್ಷರ ಇದೆ. ಸಾವಿರ ವರ್ಷದ ಮೇಲೆ ಬಂದವನೂ ಓದಿಕೊಳ್ಳಬಹುದು. ಗಿಲ್ಗಾಲಿನ ಕಲ್ಲಿನ ಮೇಲೆ ಏನಾದರೂ ಬರೆದಿತ್ತು ಅಂತ ಬೈಬಲ್ ಹೇಳುವುದಿಲ್ಲ. ಸುಮ್ನೆ ಹೊಳೆಯ ಕಲ್ಲು. ಮಗು ಕೇಳಬೇಕು, ಪಕ್ಕದಲ್ಲಿ ನಿಂತ ಅಪ್ಪ ಹೇಳಬೇಕು. ಆ ಅಪ್ಪ ಬಾಯಿ ಮುಚ್ಚಿದ ದಿನ ಅದು ಬರೀ ಕಲ್ಲು.

ಬೆಳ್ಳಂದೂರು ಹುಡುಗ

ನಾನು ಸ್ವಲ್ಪ ಬೇರೆ ಅಭಿಪ್ರಾಯ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಪೌಲನು ಫಿಲಿಪ್ಪಿಯವರಿಗೆ 3:13ರಲ್ಲಿ ಹಿಂದಿನದನ್ನು ಮರೆತು ಮುಂದಿನದನ್ನು ಹಿಡಿಯಲು ಓಡುತ್ತೇನೆ ಅನ್ನುತ್ತಾನೆ. ಯೆಶಾಯ 43:18 ನೇರವಾಗಿಯೇ ಹಳೆಯದನ್ನು ನೆನಪಿಸಿಕೊಳ್ಳಬೇಡಿ, ನಾನು ಹೊಸದನ್ನು ಮಾಡುತ್ತೇನೆ ಅನ್ನುತ್ತದೆ. ನಮ್ಮ ಸಭೆಯಲ್ಲಿ ಕೆಲವು ಹಿರಿಯರ ಸಾಕ್ಷಿ ನಾನು ಚಿಕ್ಕವನಿದ್ದಾಗಿನಿಂದ ಒಂದೇ. ಆಗ ದೇವರು ಮಾಡಿದ, ಸರಿ. ಈಗ? ಹಳೆಯದನ್ನೇ ಹೇಳುತ್ತಾ ಕೂತರೆ ನಂಬಿಕೆ ಮ್ಯೂಸಿಯಂ ಸೇರುವುದಿಲ್ಲವೇ?

ಬೆನ್ಸನ್ ಟೌನ್ ವಿದ್ಯಾರ್ಥಿ

ಬ್ರದರ್, ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ವಚನಗಳ ಅಕ್ಕಪಕ್ಕ ಸ್ವಲ್ಪ ಓದಿ.

ಫಿಲಿಪ್ಪಿ 3ರಲ್ಲಿ ಪೌಲ ಹಿಂದೆ ಬಿಟ್ಟದ್ದು ಏನು? ಅದೇ ಅಧ್ಯಾಯದಲ್ಲಿ ಸ್ವಲ್ಪ ಮೇಲೆ ಪಟ್ಟಿ ಇದೆ. ಎಂಟನೆಯ ದಿನ ಸುನ್ನತಿಯಾದವನು, ಬೆನ್ಯಾಮೀನನ ಕುಲದವನು, ಫರಿಸಾಯನು. ತನ್ನ ಹೆಗ್ಗಳಿಕೆಯನ್ನು ಅವನು ಕಸ ಅಂತ ಎಣಿಸಿದ. ದೇವರು ತನಗೆ ಮಾಡಿದ್ದನ್ನು ಅವನು ಮರೆಯಲೇ ಇಲ್ಲ. ದಮಸ್ಕದ ದಾರಿಯಲ್ಲಿ ಯೇಸು ತನಗೆ ಕಾಣಿಸಿಕೊಂಡದ್ದನ್ನು ಅಪೊಸ್ತಲರ ಕೃತ್ಯ 22ರಲ್ಲಿ ಜನರ ಮುಂದೆ ಹೇಳುತ್ತಾನೆ, 26ರಲ್ಲಿ ಅಗ್ರಿಪ್ಪ ರಾಜನ ಮುಂದೆ ಮತ್ತೆ ಹೇಳುತ್ತಾನೆ. ಹಳೆಯ ಸಾಕ್ಷಿಯೇ!

ಯೆಶಾಯನೂ ಹಾಗೆಯೇ. 43ರಲ್ಲಿ ಹಳೆಯದನ್ನು ನೆನೆಯಬೇಡಿ ಅಂದವನು 46:9ರಲ್ಲಿ ಹಳೆಯ ಸಂಗತಿಗಳನ್ನು ನೆನಪಿಗೆ ತಂದುಕೊಳ್ಳಿ ಅನ್ನುತ್ತಾನೆ. 43ನೇ ಅಧ್ಯಾಯದಲ್ಲೂ, ಆ ವಚನಕ್ಕೆ ಸ್ವಲ್ಪ ಮೊದಲೇ ಸಮುದ್ರದಲ್ಲಿ ದಾರಿ ಮಾಡಿದ ದೇವರು ಅಂತ ಇದೆ. ಬಾಬಿಲೋನಿನಿಂದ ಬಿಡಿಸುತ್ತೇನೆ ಅಂದರೆ ಜನ ಯಾವ ಆಧಾರದ ಮೇಲೆ ನಂಬಬೇಕು? ಐಗುಪ್ತದಿಂದ ಬಿಡಿಸಿದ್ದು ನೆನಪಿದ್ದರೆ ತಾನೇ?

ಮರೆಯಬೇಕಾದ ನೆನಪೂ ಇದೆ, ಒಪ್ಪುತ್ತೇನೆ. ಅರಣ್ಯಕಾಂಡ 11:5 ನೋಡಿ. ಜನ ಐಗುಪ್ತದ ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ನೆನೆದು ಅಳುತ್ತಾರೆ. ಇಟ್ಟಿಗೆ ಮಾಡಿ ಬೆನ್ನು ಮುರಿದದ್ದು, ಗಂಡುಮಕ್ಕಳನ್ನು ನದಿಗೆ ಎಸೆದದ್ದು ಒಂದೂ ನೆನಪಿಲ್ಲ. ಅದೂ ನೆನಪೇ. ಅರ್ಧ ನೆನಪು. ಅರ್ಧ ನೆನಪು ಅವರನ್ನು ವಾಪಸ್ ದಾಸತ್ವಕ್ಕೆ ಎಳೆಯುತ್ತಿತ್ತು.

ಬೆಳ್ಳಂದೂರು ಹುಡುಗ

ಅರ್ಧ ನೆನಪು ಅನ್ನುವುದು ಚೆನ್ನಾಗಿದೆ. ಯೋಚಿಸುತ್ತೇನೆ.

ಕೆ.ಆರ್. ಪುರದ ತಂಗಿ

ಬರೆಯಬೇಕೋ ಬೇಡವೋ ಅಂತ ಎರಡು ಮನಸ್ಸಿತ್ತು. ಅರ್ಧ ನೆನಪಿನ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ.

2021ರ ಮೇ ತಿಂಗಳಲ್ಲಿ, ಕೊರೊನಾ ಎರಡನೇ ಅಲೆಯಲ್ಲಿ ನನ್ನ ಯಜಮಾನರು ತೀರಿಕೊಂಡರು. ಆ ದಿನಗಳು ಬೆಂಗಳೂರಿನವರಿಗೆ ಗೊತ್ತು. ಬೆಡ್‌ಗಾಗಿ ಎಷ್ಟು ಕಡೆ ಫೋನ್ ಮಾಡಿದೆವು ಅಂತ ಲೆಕ್ಕವಿಲ್ಲ. ಕೊನೆಗೆ ಸಿಕ್ಕಿತು, ತಡವಾಗಿತ್ತು. ಇಡೀ ಸಭೆ ಪ್ರಾರ್ಥನೆ ಮಾಡಿತ್ತು. ಸರದಿ ಉಪವಾಸ ಮಾಡಿದ್ದರು.

ಚರ್ಚ್ ತೆರೆದ ಮೇಲೆ ಸಾಕ್ಷಿ ಶುರುವಾಯಿತು. "ದೇವರು ನನ್ನನ್ನು ಪ್ರೀತಿಸಿದ, ಅದಕ್ಕೇ ನಾನು ಉಳಿದೆ" ಅಂತ ಒಬ್ಬರು ಹೇಳಿದರು. "ನಂಬಿಕೆಯಿಂದ ಪ್ರಾರ್ಥಿಸಿದೆವು, ಒಂದು ಕೂದಲೂ ಕೊಂಕಲಿಲ್ಲ" ಅಂತ ಇನ್ನೊಬ್ಬರು. ನಾನು ನನ್ನ ಮಗಳ ಜೊತೆ ಕೂತಿದ್ದೆ. ಮನೆಗೆ ಬಂದು ಅವಳು ಕೇಳಿದಳು: "ಹಾಗಾದ್ರೆ ಅಪ್ಪನ್ನ ದೇವರು ಪ್ರೀತಿಸಲಿಲ್ವಾ?"

ದೇವರ ಕಾರ್ಯಗಳನ್ನು ನೆನೆಯಬೇಕು ಅನ್ನುವುದು ನಿಮಗೆ ಸುಲಭ. ನನ್ನಂಥವರು ಯಾವುದನ್ನು ನೆನೆಯಬೇಕು? ಕೋಪದಿಂದ ಕೇಳುತ್ತಿಲ್ಲ. ನಾನು ಇವತ್ತಿಗೂ ಚರ್ಚಿಗೆ ಹೋಗುತ್ತೇನೆ. ಸಾಕ್ಷಿಯ ಹೊತ್ತಿಗೆ ಮಾತ್ರ ಹೊರಗೆ ಬಂದು ನಿಲ್ಲುತ್ತೇನೆ.

ಹಳೇ ಬೆಂಗಳೂರಿಗ

ತಂಗಿ, ನಿನ್ನ ಮಗಳ ಪ್ರಶ್ನೆಗೆ ನಮ್ಮ ಸಭೆಗಳು ಉತ್ತರ ಕೊಡಬೇಕು. ನೀನು ಹೊರಗೆ ನಿಲ್ಲುವ ಹಾಗೆ ಸಾಕ್ಷಿ ಹೇಳುವುದು ತಪ್ಪು. ಅಷ್ಟು ಮಾತ್ರ ಈಗ ಹೇಳುತ್ತೇನೆ.

ಬೆನ್ಸನ್ ಟೌನ್ ವಿದ್ಯಾರ್ಥಿ

ಅಕ್ಕ, ಉತ್ತರ ಗೊತ್ತಿದೆ ಅಂತ ಬರೆಯುತ್ತಿಲ್ಲ. ಬೈಬಲ್ ನಿಮ್ಮ ಪಕ್ಕದಲ್ಲಿ ನಿಂತಿದೆ ಅನ್ನಿಸುವ ಕೆಲವು ಜಾಗಗಳನ್ನು ಹೇಳುತ್ತೇನೆ.

ಅಪೊಸ್ತಲರ ಕೃತ್ಯ 12. ಹೆರೋದನು ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಆಮೇಲೆ ಪೇತ್ರನನ್ನು ಹಿಡಿಯುತ್ತಾನೆ. ದೇವದೂತ ಬಂದು ಪೇತ್ರನನ್ನು ಸೆರೆಮನೆಯಿಂದ ಹೊರಗೆ ಕರೆದುಕೊಂಡು ಹೋಗುತ್ತಾನೆ. ಒಂದೇ ಊರು, ಒಂದೇ ಸಭೆ, ಒಂದೇ ಅಧ್ಯಾಯ. ದೇವರಿಗೆ ಪೇತ್ರನ ಮೇಲೆ ಪ್ರೀತಿ ಜಾಸ್ತಿ ಇತ್ತು ಅಂತ ಆ ಪುಸ್ತಕ ಬರೆದ ಲೂಕ ಹೇಳಲಿಲ್ಲ. ಯಾಕೋಬನ ಸಾವನ್ನು ಬಿಟ್ಟು ಬರೀ ಬಿಡುಗಡೆಯ ಕಥೆಯನ್ನೂ ಹೇಳಲಿಲ್ಲ. ಎರಡನ್ನೂ ಬರೆದಿಟ್ಟ.

ಇಬ್ರಿಯರಿಗೆ 11ನೇ ಅಧ್ಯಾಯವೂ ಹೀಗೆಯೇ. ನಂಬಿಕೆಯಿಂದ ಕೆಲವರು ಕತ್ತಿಯ ಬಾಯಿಂದ ತಪ್ಪಿಸಿಕೊಂಡರು. ಮೂರು ವಚನ ಬಿಟ್ಟು ಮುಂದೆ, ಕೆಲವರು ಕತ್ತಿಯಿಂದಲೇ ಸತ್ತರು. ಇಬ್ಬರನ್ನೂ ಅದೇ ನಂಬಿಕೆಯ ಪಟ್ಟಿಯಲ್ಲಿ ಸೇರಿಸಿದೆ. ಸಿಲೊವಾಮಿನ ಬುರುಜು ಬಿದ್ದು ಹದಿನೆಂಟು ಜನ ಸತ್ತಾಗ ಅವರು ಉಳಿದವರಿಗಿಂತ ಪಾಪಿಗಳಾಗಿದ್ದರಾ ಅಂತ ಕೇಳಿ, ಇಲ್ಲ ಅಂತ ಯೇಸುವೇ ಹೇಳಿದ (ಲೂಕ 13).

ರೊಟ್ಟಿ, ದ್ರಾಕ್ಷಾರಸ ಹಂಚಿಕೊಂಡು ಯೇಸುವಿನ ಸಾವನ್ನು ನೆನೆಯುವ ಕರ್ತನ ಭೋಜನವನ್ನು ನೋಡಿ. ನೆನಪು ಮಾಡಿಕೊಳ್ಳಿ ಅಂತ ಯೇಸು ಕೇಳಿಕೊಂಡದ್ದು ಯಾವ ರಾತ್ರಿಯಲ್ಲಿ? ತನ್ನನ್ನು ಹಿಡಿದುಕೊಟ್ಟ ರಾತ್ರಿಯಲ್ಲಿ. ಕಾನಾ ಊರಿನಲ್ಲಿ ನೀರನ್ನು ದ್ರಾಕ್ಷಾರಸ ಮಾಡಿದ ನೆನಪಿಗೆ ಒಂದು ಊಟ ಇಡಲಿಲ್ಲ. ಸತ್ತಿದ್ದ ಲಾಜರನು ಎದ್ದು ಬಂದ ದಿನಕ್ಕೆ ಹಬ್ಬ ಇಡಲಿಲ್ಲ. ಮುರಿದ ದೇಹವನ್ನು, ಸುರಿದ ರಕ್ತವನ್ನು ನೆನೆಯಿರಿ ಅಂದ. ಗೆತ್ಸೇಮನೆ ತೋಟದಲ್ಲಿ ಈ ಸಂಕಟದ ಪಾತ್ರೆ ತೊಲಗಲಿ ಅಂತ ಬೇಡಿದವನೂ ಅವನೇ, ಪಾತ್ರೆ ತೊಲಗಲಿಲ್ಲ. ಹಾಗಾಗಿ ನಿಮ್ಮ ಯಜಮಾನರ ನೆನಪು ದೇವರ ಕಾರ್ಯದ ನೆನಪಿಗೆ ಹೊರಗಿನದು ಅಂತ ನನಗೆ ಅನ್ನಿಸುವುದಿಲ್ಲ. ಅದು ಆ ಭೋಜನದ ಮೇಜಿನ ಹತ್ತಿರವೇ ಇದೆ.

ಯೆಹೋಶುವ 4:9 ಅನ್ನು ನಾವು ಓದಿ ದಾಟಿಬಿಡುತ್ತೇವೆ. ದಡದಲ್ಲಿ ಹನ್ನೆರಡು ಕಲ್ಲು ನಿಲ್ಲಿಸಿದ್ದಲ್ಲದೆ, ಹೊಳೆಯ ನಡುವೆ, ಯಾಜಕರ ಕಾಲು ನಿಂತಿದ್ದ ಜಾಗದಲ್ಲೂ ಯೆಹೋಶುವ ಹನ್ನೆರಡು ಕಲ್ಲು ನಿಲ್ಲಿಸಿದ. ನೀರು ತಿರುಗಿ ಬಂದ ಮೇಲೆ ಅವು ಯಾರ ಕಣ್ಣಿಗೂ ಬೀಳುವಂಥವಲ್ಲ. ದಡದ ಕಲ್ಲು ಎಲ್ಲರಿಗೂ ಕಾಣಲಿ. ನಡುಹೊಳೆಯ ಕಲ್ಲು ದೇವರ ಲೆಕ್ಕದಲ್ಲಿದೆ.

ನೈಟ್ ಡ್ಯೂಟಿ ನರ್ಸ್

ನಾನು ಆ ಎರಡು ತಿಂಗಳು ಕೋವಿಡ್ ವಾರ್ಡಿನಲ್ಲಿದ್ದೆ. ಒಂದು ಸಾಲಿನಲ್ಲಿ ಒಬ್ಬರು ಉಳಿಯುತ್ತಿದ್ದರು, ಪಕ್ಕದ ಬೆಡ್‌ನವರು ಹೋಗುತ್ತಿದ್ದರು. ಪ್ರಾರ್ಥನೆ ಎರಡೂ ಬೆಡ್ ಹತ್ತಿರ ಇತ್ತು. ಯಾರಿಗೆ ಯಾಕೆ ಅಂತ ಕಾರಣ ಹೇಳುವ ಧೈರ್ಯ ನನಗಿಲ್ಲ, ಹೇಳುವವರ ಮಾತನ್ನು ನಾನು ನಂಬುವುದೂ ಇಲ್ಲ. ಆದರೆ ಆಕ್ಸಿಜನ್ ಸಿಲಿಂಡರ್ ಹೊತ್ತುಕೊಂಡು ಮೆಟ್ಟಿಲು ಹತ್ತಿದ ವಾರ್ಡ್ ಬಾಯ್ ಗೊತ್ತು. ಕೊನೆ ಸಲ ಮಕ್ಕಳಿಗೆ ವಿಡಿಯೋ ಕಾಲ್ ಮಾಡಿಕೊಟ್ಟು ಫೋನ್ ಹಿಡಿದು ನಿಂತ ಆಯಾ ಗೊತ್ತು. ಅವರ ಮೂಲಕ ದೇವರು ಅಲ್ಲಿದ್ದ. ನನ್ನ ಸಾಕ್ಷಿ ಅಷ್ಟೇ.

ತಂಗಿ, ಸಾಕ್ಷಿಯ ಹೊತ್ತಿಗೆ ಹೊರಗೆ ನಿಲ್ಲುವುದಾದರೆ ನಿನ್ನ ಜೊತೆ ಒಬ್ಬರು ಬಂದು ನಿಲ್ಲಬೇಕು. ನಿಮ್ಮ ಸಭೆ ಹತ್ತಿರವಿದ್ದರೆ ನಾನೇ ಬರುತ್ತೇನೆ.

ಶಿವಾಜಿನಗರದವನು

ನಾನು ಕಥೋಲಿಕ. ಇಲ್ಲಿ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ, ಪ್ರಾಟೆಸ್ಟೆಂಟರು) ಯವರೇ ಜಾಸ್ತಿ ಇದ್ದಂತಿದೆ, ಆದರೂ ಒಂದೆರಡು ಮಾತು.

ನಮ್ಮ ಸೇಂಟ್ ಮೇರೀಸ್ ಬೆಸಿಲಿಕಾದ ಹಬ್ಬ ನೀವೆಲ್ಲ ನೋಡಿರುತ್ತೀರಿ. ಆಗಸ್ಟ್ 29ಕ್ಕೆ ಬಾವುಟ ಏರುತ್ತದೆ, ಸೆಪ್ಟೆಂಬರ್ 8ಕ್ಕೆ ತೇರು. ಕಾವಿ ಬಣ್ಣದ ಬಟ್ಟೆ ಉಟ್ಟು ನಡೆದು ಬರುವವರಿರುತ್ತಾರೆ. ಅವರಲ್ಲಿ ಬಹಳ ಜನ ಹರಕೆ ತೀರಿಸಲು ಬಂದವರು. ಗುರುವಾರ ವಿವೇಕನಗರದ ಬಾಲಯೇಸುವಿನ ದೇವಾಲಯಕ್ಕೆ ಹೋದರೂ ಹಾಗೆಯೇ. ಬೇಡಲು ಬಂದವರ ಪಕ್ಕದಲ್ಲೇ, ಬೇಡಿದ್ದು ಸಿಕ್ಕಿತು ಅಂತ ಹೇಳಿಹೋಗಲು ಬಂದವರು ಮೇಣದಬತ್ತಿ ಹಿಡಿದು ನಿಂತಿರುತ್ತಾರೆ. ಕ್ರೈಸ್ತರಲ್ಲದವರೂ ಬಹಳ. ಯೇಸು ವಾಸಿಮಾಡಿದ ಹತ್ತು ಕುಷ್ಠರೋಗಿಗಳಲ್ಲಿ ವಂದನೆ ಹೇಳಲು ತಿರುಗಿ ಬಂದವನು ಹೊರಗಿನವನಾದ ಸಮಾರ್ಯದವನು ಅನ್ನುವುದು ಅಲ್ಲಿ ನನಗೆ ನೆನಪಾಗುತ್ತದೆ.

ಹರಕೆ ವ್ಯಾಪಾರ ಆಗುವ ಅಪಾಯ ಇದೆ, ಬಲ್ಲೆ. ಕೊಟ್ಟರೆ ಕೊಡುತ್ತೇನೆ ಅಂತ. ಆದರೆ ನಮ್ಮ ತಾಯಿ ಹರಕೆ ತೀರಿದ ಮೇಲೂ ಪ್ರತಿ ವರ್ಷ ಹೋಗುತ್ತಿದ್ದರು. ಯಾಕಮ್ಮ ಅಂದರೆ, "ಕೇಳೋಕಲ್ಲ, ಹೇಳೋಕೆ" ಅನ್ನುತ್ತಿದ್ದರು.

ದಿನದ ಅಭ್ಯಾಸಕ್ಕೆ ಸಂತ ಇಗ್ನೇಷಿಯಸ್ ಕಲಿಸಿದ ಒಂದು ಕ್ರಮ ಇದೆ. 16ನೇ ಶತಮಾನದ್ದು. ದಿನದ ಕೊನೆಗೆ ಕೂತು ಆ ದಿನವನ್ನು ಮತ್ತೆ ನೋಡುವುದು. ಮೊದಲ ಕೆಲಸ ಆ ದಿನ ಸಿಕ್ಕ ಉಪಕಾರಗಳಿಗೆ ಕೃತಜ್ಞತೆ ಹೇಳುವುದು. ತಪ್ಪನ್ನು ಹುಡುಕುವುದು ಆಮೇಲೆ. ಈ ಅನುಕ್ರಮ ನನಗೆ ಬಹಳ ಮುಖ್ಯ. ನಾನು ಮೆಟ್ರೋದಲ್ಲಿ ಮನೆಗೆ ಬರುವಾಗ ಮಾಡುತ್ತೇನೆ. ಬೆಳಿಗ್ಗೆಯಿಂದ ಒಂದೊಂದು ಗಂಟೆಯನ್ನೂ ನೆನೆಯುತ್ತಾ ಬಂದರೆ, ಮರೆತೇ ಹೋಗಿದ್ದ ಒಬ್ಬರ ಒಳ್ಳೆಯ ಮಾತು ಸಿಗುತ್ತದೆ.

ಹಳೇ ಬೆಂಗಳೂರಿಗ

ಶಿವಾಜಿನಗರದ ತಮ್ಮನಿಗೆ ಸ್ವಾಗತ. ಒಂದು ಎಚ್ಚರಿಕೆ ನಮಗೂ ನಿಮಗೂ ಸೇರಿಸಿ ಹೇಳುತ್ತೇನೆ. ಅರಣ್ಯದಲ್ಲಿ ಮೋಶೆ ಮಾಡಿಸಿದ ತಾಮ್ರದ ಸರ್ಪ ದೇವರ ಕಾರ್ಯದ ಗುರುತೇ ಆಗಿತ್ತು. ಹಾವು ಕಚ್ಚಿದವರಲ್ಲಿ ಅದನ್ನು ನೋಡಿದವರು ಬದುಕಿದರು. ಆದರೆ 2 ಅರಸುಗಳು 18:4 ಓದಿ. ಹಿಜ್ಕೀಯ ರಾಜನ ಕಾಲಕ್ಕೆ ಜನ ಅದಕ್ಕೇ ಧೂಪ ಹಾಕುತ್ತಿದ್ದರು, ಅವನು ಅದನ್ನು ಒಡೆದು ಚೂರು ಮಾಡಿದ. ನಮ್ಮ ಕಡೆ ಕಟ್ಟಡ, ವಾರ್ಷಿಕೋತ್ಸವ, ಹಳೇ ಮಿಷನರಿಗಳ ಫೋಟೊ ಇವುಗಳಿಗೇ ಧೂಪ ಹಾಕುವವರಿದ್ದಾರೆ. ಹಡ್ಸನ್ ಚರ್ಚ್ 1904ರದ್ದು ಅಂತ ಹೆಮ್ಮೆಯಿಂದ ಹೇಳುತ್ತೇವೆ. ಮಿಷನರಿ ಹಡ್ಸನ್ ಅವರು ಇಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದದ್ದನ್ನು ಮಕ್ಕಳಿಗೆ ಹೇಳುವವರು ಎಷ್ಟು ಜನ?

ಬೆಳ್ಳಂದೂರು ಹುಡುಗ

ಇನ್ನೊಂದು ಪ್ರಶ್ನೆ. ಇದು ನಿಜವಾಗಿಯೂ ನನ್ನ ತೊಂದರೆ. ನನಗೆ ಕೆಲಸ ಸಿಕ್ಕಿತು. ನಾನು ಓದಿದ್ದೆ, ಇಂಟರ್‌ವ್ಯೂ ಚೆನ್ನಾಗಿ ಮಾಡಿದ್ದೆ. ಅಮ್ಮ ಇದು ದೇವರ ಕಾರ್ಯ ಅನ್ನುತ್ತಾರೆ. ನನ್ನ ಜೊತೆ ಓದಿದ, ದೇವರನ್ನು ನಂಬದ ಹುಡುಗನಿಗೂ ಅದೇ ಕಂಪನಿಯಲ್ಲಿ ಸಿಕ್ಕಿತು. ಯಾವುದು ದೇವರ ಕಾರ್ಯ, ಯಾವುದು ಸುಮ್ನೆ ನಡೆದದ್ದು, ಹೇಗೆ ತಿಳಿಯುವುದು?

ರಾಜಾಜಿನಗರದ ಅಕ್ಕ

ತಮ್ಮ, ನಾನು ಲೆಕ್ಕಪತ್ರದ ಕೆಲಸದವಳು. ನನ್ನ ಉತ್ತರವೂ ಲೆಕ್ಕದ ಪುಸ್ತಕದ್ದೇ.

ಧರ್ಮೋಪದೇಶಕಾಂಡ 8 ನಿನಗೋಸ್ಕರವೇ ಬರೆದ ಹಾಗಿದೆ. ತಿಂದು ತೃಪ್ತರಾಗಿ, ಒಳ್ಳೆಯ ಮನೆಗಳನ್ನು ಕಟ್ಟಿಕೊಂಡು, ಬೆಳ್ಳಿಬಂಗಾರ ಹೆಚ್ಚಾದಾಗ ಮರೆಯುತ್ತೀರಿ, ನನ್ನ ಕೈಬಲದಿಂದಲೇ ಗಳಿಸಿದೆ ಅಂದುಕೊಳ್ಳುತ್ತೀರಿ ಅಂತ ಮೋಶೆ ಹೇಳುತ್ತಾನೆ. ಮುಂದಿನ ಮಾತು ಗಮನಿಸು. ನೀನು ದುಡಿಯಲೇ ಇಲ್ಲ ಅನ್ನುವುದಿಲ್ಲ. ಗಳಿಸುವ ಸಾಮರ್ಥ್ಯ ಕೊಟ್ಟವನು ದೇವರು ಅನ್ನುತ್ತಾನೆ. ನೀನು ಓದಿದ್ದು ನಿಜ. ಓದುವ ತಲೆ, ಫೀಸು ಕಟ್ಟಿದ ಅಪ್ಪ, ಹೇಳಿಕೊಟ್ಟ ಮೇಷ್ಟರು ಇವೂ ನಿಜ. ನಿನ್ನ ಸ್ನೇಹಿತನಿಗೂ ಅದನ್ನೆಲ್ಲ ಕೊಟ್ಟವನು ಅದೇ ದೇವರು. ಕೆಟ್ಟವರ ಮೇಲೂ ಒಳ್ಳೆಯವರ ಮೇಲೂ ಸೂರ್ಯ ಮೂಡಿಸುವ ತಂದೆ ಅಂತ ಯೇಸು ಹೇಳಲಿಲ್ಲವೇ? ಪವಾಡ ಆಗಿದ್ದರೆ ಮಾತ್ರ ದೇವರ ಕಾರ್ಯ ಅನ್ನುವುದು ಎಲ್ಲಿಂದ ಬಂತೋ ಗೊತ್ತಿಲ್ಲ.

ನಾನು ಮಾಡುವುದು ಇಷ್ಟು. ಒಂದು ನೋಟ್‌ಬುಕ್ ಇದೆ. ತಾರೀಖು, ಏನು ಬೇಡಿದೆ, ಏನು ನಡೆಯಿತು, ಯಾರ ಕೈಯಿಂದ ನಡೆಯಿತು. ಬೇಡಿದ್ದು ಸಿಗದಿದ್ದರೆ ಸಿಗಲಿಲ್ಲ ಅಂತಲೇ ಬರೆಯುತ್ತೇನೆ. ಆ ಸಾಲನ್ನು ಬಿಡುವುದಿಲ್ಲ, ಅದರ ಪಕ್ಕದಲ್ಲಿ ಸಮಾಧಾನದ ವಿವರಣೆಯನ್ನೂ ಬರೆಯುವುದಿಲ್ಲ. ಬರೆದಿಟ್ಟರೆ ಇನ್ನೊಂದು ಉಪಯೋಗ ಇದೆ. ಹೋದ ವರ್ಷ ಹೇಳಿದ ಸಾಕ್ಷಿ ಈ ವರ್ಷ ದೊಡ್ಡದಾಗುವುದಿಲ್ಲ. ಬಾಯಿಮಾತಿನಲ್ಲಿ ಜ್ವರ ಇದ್ದದ್ದು ಸಾವಿನ ಬಾಗಿಲು ಆಗಿಬಿಡುತ್ತದೆ. ದೇವರ ಮಹಿಮೆಗೆ ನಮ್ಮ ಸುಳ್ಳು ಬೇಕಾಗಿಲ್ಲ.

ಮಾರ್ಕ 8ರಲ್ಲಿ ಶಿಷ್ಯರು ದೋಣಿಯಲ್ಲಿ ರೊಟ್ಟಿ ಇಲ್ಲ ಅಂತ ಚಿಂತೆ ಮಾಡುತ್ತಿದ್ದಾಗ ಯೇಸು ಲೆಕ್ಕ ಕೇಳುತ್ತಾನೆ. ಐದು ಸಾವಿರ ಜನಕ್ಕೆ ರೊಟ್ಟಿ ಮುರಿದಾಗ ತುಂಡು ತುಂಬಿದ ಎಷ್ಟು ಪುಟ್ಟಿ ಎತ್ತಿದಿರಿ? ಹನ್ನೆರಡು. ನಾಲ್ಕು ಸಾವಿರಕ್ಕೆ? ಏಳು. ಅಂಕಿ ಅವರ ಬಾಯಲ್ಲಿತ್ತು. ಆ ಅಂಕಿಯನ್ನು ಈಗಿನ ಹಸಿವಿನ ಪಕ್ಕದಲ್ಲಿಟ್ಟು ನೋಡಿರಲಿಲ್ಲ. ನನ್ನ ನೋಟ್‌ಬುಕ್ ಇರುವುದು ಅದಕ್ಕೆ. ಹೊಸ ಚಿಂತೆ ಬಂದ ದಿನ ಹಳೆಯ ಪುಟ ತೆಗೆಯುತ್ತೇನೆ. ಚಿಂತೆ ಹೋಗುವುದಿಲ್ಲ, ಪ್ರಾರ್ಥನೆಗೆ ಬಾಯಿ ಬರುತ್ತದೆ.

ಜಯನಗರದ ಮಗಳು

ನೋಟ್‌ಬುಕ್ ಬರೆಯುವವರಿಗೆ ದೇವರು ಒಳ್ಳೆಯದು ಮಾಡಲಿ. ನಮ್ಮ ಅಮ್ಮನಿಗೆ ಮರೆವಿನ ಕಾಯಿಲೆ. ನನ್ನ ಹೆಸರು ಗೊತ್ತಾಗುವುದಿಲ್ಲ, ಊಟ ಮಾಡಿದ್ದು ನೆನಪಿರುವುದಿಲ್ಲ. "ಯೆಹೋವನು ನನಗೆ ಕುರುಬನು" ಅಂತ ನಾನು ಶುರು ಮಾಡಿದರೆ "ಕೊರತೆಪಡೆನು" ಅಂತ ಮುಗಿಸುತ್ತಾರೆ. ಕೆಲವು ದಿನ ಅದೂ ಇಲ್ಲ.

ನೆನಪಿಡುವುದು ಕ್ರೈಸ್ತನ ಕರ್ತವ್ಯ ಅಂತ ಪ್ರಸಂಗ ಕೇಳಿದಾಗ ಅಮ್ಮನ ಗತಿ ಏನು ಅನ್ನಿಸುತ್ತಿತ್ತು. ಯೆಶಾಯ 49 ನನಗೆ ಆಧಾರ ಕೊಟ್ಟಿದೆ. ತಾಯಿ ಮರೆತಾಳು, ನಾನು ಮರೆಯೆನು, ನನ್ನ ಅಂಗೈಗಳಲ್ಲಿ ನಿನ್ನನ್ನು ಕೆತ್ತಿಕೊಂಡಿದ್ದೇನೆ ಅಂತ ದೇವರು ಹೇಳುತ್ತಾನೆ. ಅಮ್ಮನ ಪಾಲಿನ ನೆನಪನ್ನು ಈಗ ನಾನು ಹೊರುತ್ತಿದ್ದೇನೆ. ಅವರು ನನಗೆ ಹೇಳಿದ್ದನ್ನೆಲ್ಲ ಅವರಿಗೇ ತಿರುಗಿ ಹೇಳುತ್ತೇನೆ. ಅಪ್ಪನ ಸಂಬಳ ನಿಂತಾಗ ಅಕ್ಕಿ ತಂದುಕೊಟ್ಟವರು ಯಾರು, ನಾನು ಹುಟ್ಟಿದಾಗ ಏನಾಯಿತು. ಹೊಸ ಕಥೆ ಕೇಳಿದ ಹಾಗೆ ಕೇಳಿ "ಸ್ತೋತ್ರ" ಅನ್ನುತ್ತಾರೆ.

ನಿಮ್ಮ ಅಪ್ಪ ಅಮ್ಮನ ಬಾಯಿಂದ ಈಗಲೇ ಕೇಳಿ ಇಟ್ಟುಕೊಳ್ಳಿ. ನಾನು ಕೇಳಬೇಕಾದ್ದು ಇನ್ನೂ ಬಹಳ ಇತ್ತು.

ಲಿಂಗರಾಜಪುರದ ಟೀಚರ್

ಒಂದೊಂದು ಉತ್ತರವನ್ನೂ ಎರಡೆರಡು ಸಲ ಓದಿದೆ. ಮಕ್ಕಳಿಗೆ ಅಪೊಸ್ತಲರ ಕೃತ್ಯ 12ನ್ನು ಪೂರ್ತಿ ಓದಿಸುತ್ತೇನೆ, ಯಾಕೋಬನನ್ನು ಬಿಡದೆ.

ಇನ್ನೊಂದು ಯೋಚನೆ ಇದೆ, ಹಿರಿಯರು ಹೇಳಬೇಕು. ನಮ್ಮಲ್ಲಿ ಕೊಯ್ಲಿನ ಹಬ್ಬ ಬರುತ್ತಿದೆ. ಜನ ಕುಂಬಳಕಾಯಿ, ಬಾಳೆಗೊನೆ, ಕೋಳಿ, ಕೇಕ್ ತರುತ್ತಾರೆ, ಹರಾಜು ಆಗುತ್ತದೆ. ಧರ್ಮೋಪದೇಶಕಾಂಡ 26ರಲ್ಲಿ ಪ್ರಥಮಫಲದ ಪುಟ್ಟಿ ತಂದವನು ಅದನ್ನು ಇಟ್ಟು ಸುಮ್ಮನೆ ಹೋಗುವ ಹಾಗಿಲ್ಲ. ನನ್ನ ಮೂಲಪಿತೃ ಅಲೆದಾಡುತ್ತಿದ್ದ ಅರಾಮ್ಯನು, ಐಗುಪ್ತಕ್ಕೆ ಹೋದ, ಅಲ್ಲಿ ನಮ್ಮನ್ನು ಬಾಧಿಸಿದರು, ಕೂಗಿಕೊಂಡೆವು, ಯೆಹೋವನು ಕೇಳಿದ ಅಂತ ಬಾಯಿಬಿಟ್ಟು ಹೇಳಬೇಕು. ಕಷ್ಟವನ್ನೂ ಸೇರಿಸಿ. ಆಮೇಲೆ ಲೇವಿಯನ ಜೊತೆ, ಪರದೇಶಿಯ ಜೊತೆ ಸೇರಿ ಸಂತೋಷಪಡಬೇಕು. ನಮ್ಮ ಹರಾಜಿನ ಮೊದಲು, ತಂದವರು ಎರಡು ಮಾತು ಹೇಳಿದರೆ ಹೇಗೆ? ಯಾಕೆ ತಂದೆ ಅಂತ.

ಹಳೇ ಬೆಂಗಳೂರಿಗ

ಬಹಳ ಒಳ್ಳೆಯದು. ಎರಡೇ ಮಾತು ಅಂತ ಕಟ್ಟುನಿಟ್ಟು ಮಾಡಿ. ಸಭಾಪಾಲಕರಿಗೆ ಮೊದಲೇ ಹೇಳಿಡಿ. ಹಣ ಜಾಸ್ತಿ ಕೂಗಿದವರಿಗೆ ಮೈಕ್ ಕೊಡಬೇಡಿ, ತಂದವರಿಗೆ ಕೊಡಿ.

ಕೆ.ಆರ್. ಪುರದ ತಂಗಿ

ಎಲ್ಲರಿಗೂ ವಂದನೆ. ನರ್ಸ್ ಅಕ್ಕ, ನಿಮಗೆ ಬೇರೆ ಮೆಸೇಜ್ ಮಾಡಿದ್ದೇನೆ.

ಮಗಳ ಜೊತೆ ಕೂತು ಅಧ್ಯಾಯ 12 ಓದಿದೆ. ಯಾಕೋಬನ ಹೆಂಡತಿ ಮಕ್ಕಳು ಆ ರಾತ್ರಿ ಪೇತ್ರನಿಗೋಸ್ಕರ ಪ್ರಾರ್ಥನೆ ಮಾಡೋಕೆ ಹೋಗಿದ್ರಾ ಅಂತ ಕೇಳಿದಳು. ಬೈಬಲ್‌ನಲ್ಲಿ ಬರೆದಿಲ್ಲ ಅಂದೆ. ನಮ್ಮ ಮನೆಯದನ್ನಾದರೂ ಬರೆಯೋಣ ಅಂತ ಇಬ್ಬರೂ ಶುರು ಮಾಡಿದ್ದೇವೆ. ಕ್ವಾರಂಟೈನ್ ಇದ್ದಾಗ ದಿನಾ ಬಾಗಿಲ ಹತ್ತಿರ ಊಟ ಇಟ್ಟು ಹೋದ ಪಕ್ಕದ ಮನೆಯ ಮುಸ್ಲಿಂ ಕುಟುಂಬ. ಹೆಣ ಮುಟ್ಟಲು ಯಾರೂ ಇಲ್ಲದಿದ್ದಾಗ ಬಂದ ಹುಡುಗರು. ಅವರ ಹೆಸರು ಹುಡುಕಿ ಬರೆಯಬೇಕು. ತನ್ನ ಅಪ್ಪ ಯಾವ ಹಾಡು ಹಾಡುತ್ತಿದ್ದರು ಅನ್ನುವುದನ್ನು ಮಗಳು ಬರೆದಳು. ಯಾಕೆ ಹೋದರು ಅನ್ನುವ ಸಾಲು ಖಾಲಿ ಬಿಟ್ಟಿದ್ದೇವೆ.

ನಮ್ಮ ಅತ್ತೆಯವರ ಹಳೇ ಕನ್ನಡ ಬೈಬಲ್ ಇದೆ. ಮೊದಲ ಹಾಳೆಗಳಲ್ಲಿ ಹುಟ್ಟಿದ್ದು, ದೀಕ್ಷಾಸ್ನಾನ, ಮದುವೆ, ಸಾವು ಎಲ್ಲ ಇದೆ. ಯಜಮಾನರು ಹುಟ್ಟಿದ ದಿನದ ಪಕ್ಕದಲ್ಲಿ ಅತ್ತೆ ಒಂದು ಪ್ರಾರ್ಥನೆ ಬರೆದಿದ್ದಾರೆ. ಹಾಳೆ ಪುಡಿಯಾಗುತ್ತಿದೆ. ಅಲ್ಲೇ ಬರೆಯಬಹುದಾ, ಅದನ್ನು ಹೇಗೆ ಉಳಿಸುವುದು? ಗೊತ್ತಿದ್ದವರು ಹೇಳಿ.

ಲೈಬ್ರರಿ ಅಂಕಲ್

ನಾನು ಗ್ರಂಥಾಲಯದಲ್ಲಿ ಕೆಲಸ ಮಾಡಿದವನು, ಇದಕ್ಕೆ ಉತ್ತರ ಹೇಳಬಲ್ಲೆ.

ಮೊದಲು ಫೋಟೊ ತೆಗೆಯಮ್ಮ. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಒಂದೊಂದು ಪುಟ ಬೇರೆ ಬೇರೆ. ಎರಡು ಮೂರು ಕಡೆ ಉಳಿಸಿಡು. ಅಕ್ಷರ ಓದಲು ಬಾರದ ಕಡೆ ಮನೆಯ ಹಿರಿಯರಿಂದ ಓದಿಸಿ ಧ್ವನಿ ರೆಕಾರ್ಡ್ ಮಾಡು.

ಸೆಲ್ಲೋಟೇಪ್ ಹಚ್ಚಬೇಡ. ಅದು ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ ಬೇಡವೇ ಬೇಡ, ಒಮ್ಮೆ ಮಾಡಿದರೆ ಬಿಡಿಸಲಾಗುವುದಿಲ್ಲ. ಬೈಬಲನ್ನು ನಿಲ್ಲಿಸದೆ ಅಂಗಾತ ಮಲಗಿಸಿಡು, ತೊಳೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ. ಅಡುಗೆಮನೆ ಗೋಡೆ, ಹೊರಗಿನ ಗೋಡೆಗೆ ತಾಗಿದ ಬೀರು ಬೇಡ. ಮಳೆಗಾಲದಲ್ಲಿ ತೇವ ಹಿಡಿದು ಬೂಷ್ಟು ಬರುತ್ತದೆ. ಆಗಾಗ ತೆಗೆದು ಹುಳು ಇದೆಯಾ ನೋಡು.

ಹಳೇ ಹಾಳೆಯ ಮೇಲೆ ಈಗ ಪೆನ್ನಿನಿಂದ ಬರೆಯಬೇಡ, ಒತ್ತಿದರೆ ಹರಿಯುತ್ತದೆ. ಒಳ್ಳೆಯ ದಪ್ಪ ಕಾಗದದ ಹೊಸ ಪುಸ್ತಕ ತೆಗೆದುಕೊಂಡು, ಅತ್ತೆಯವರು ಬರೆದದ್ದನ್ನು ಅವರ ಮಾತಿನಲ್ಲೇ ಮೊದಲು ನಕಲು ಮಾಡು. ಅದರ ಕೆಳಗೆ ನಿಮ್ಮದು ಮುಂದುವರಿಸಿ. ಬರೆದವರ ಹೆಸರು, ತಾರೀಖು ಪ್ರತಿ ಸಲ ಹಾಕಿ. ಮಗಳ ಕೈಬರಹದಲ್ಲೇ ಇರಲಿ.